ಸ್ವೆರೆ ಸೋರ್ಸ್‌ಡಾಲ್: ಎರಡು ಒಲಿಂಪಿಕ್ ಪದಕ ಇದೆ, ಪಂದ್ಯಗಳ ಪಟ್ಟಿ ಇಲ್ಲ. ಲೇಖನ ಬರೆಯೋದು ಹೇಗೆ?

ಘಂಟೆ_ಹೊಡೀತು
ಎಲ್ಲರಿಗೂ ನಮಸ್ಕಾರ. ನಾರ್ವೆಯ ಹವ್ಯಾಸಿ ಬಾಕ್ಸರ್ ಸ್ವೆರೆ ಸೋರ್ಸ್‌ಡಾಲ್ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಒಂದು ಲೇಖನ ಬರೀತಿದ್ದೀನಿ. ಹುಟ್ಟಿದ್ದು 1900ರಲ್ಲಿ. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಬೆಳ್ಳಿ, 1924ರ ಪ್ಯಾರಿಸ್‌ನಲ್ಲಿ ಅದೇ ತೂಕದಲ್ಲಿ ಕಂಚು. ಇಷ್ಟು ಗಟ್ಟಿ ಮಾಹಿತಿ. ಇದರಾಚೆಗೆ ಕಾಲಿಟ್ಟರೆ ಎಲ್ಲಾ ಗೊಂದಲ.

ಮೊದಲನೇದು ತೂಕದ ಮಿತಿ. ಒಂದು ಕಡೆ 79.4 ಕೆಜಿ ಅಂತಿದೆ, ಇನ್ನೊಂದು ಕಡೆ 81. ಎರಡನೇದು, ಎದುರಾಳಿಗಳ ಪಟ್ಟಿಯಲ್ಲಿ ಎಲ್ಲಿ ನೋಡಿದ್ರೂ ಡೆನ್ಮಾರ್ಕಿನ ಪೀಟರ್ಸನ್. ಒಬ್ಬರೇನಾ, ಬೇರೆ ಬೇರೆಯವರಾ? ಮೂರನೇದು ಹೆಸರನ್ನ ಕನ್ನಡದಲ್ಲಿ ಹೇಗೆ ಬರೆಯೋದು ಅನ್ನೋದು. ಎಲ್ಲಕ್ಕಿಂತ ದೊಡ್ಡ ತೊಂದರೆ ಅಂದ್ರೆ ವೃತ್ತಿಪರ ಬಾಕ್ಸರ್‌ಗಳಿಗೆ ಇರೋ ಹಾಗೆ ಇಷ್ಟು ಗೆಲುವು, ಇಷ್ಟು ಸೋಲು, ಇಷ್ಟು ನಾಕೌಟ್ ಅನ್ನೋ ಲೆಕ್ಕ ಸಿಗ್ತಾ ಇಲ್ಲ. ಅದಿಲ್ಲದೆ ಒಬ್ಬ ಬಾಕ್ಸರ್‌ನ ವೃತ್ತಾಂತ ಬರೆಯೋಕಾಗುತ್ತಾ?

ತೂಕದ_ತಕ್ಕಡಿ
ತೂಕದ ಪ್ರಶ್ನೆ ಸುಲಭ. 79.4 ಸರಿ, 81 ತಪ್ಪು.

1920ರಿಂದ 1936ರವರೆಗೆ ಒಲಿಂಪಿಕ್ಸ್‌ನಲ್ಲಿ ಎಂಟು ತೂಕ ವಿಭಾಗ. ಮಿತಿ ಎಲ್ಲಾ ಪೌಂಡ್‌ನಲ್ಲಿ: ಫ್ಲೈ 112, ಬ್ಯಾಂಟಮ್ 118, ಫೆದರ್ 126, ಲೈಟ್ 135, ವೆಲ್ಟರ್ 147, ಮಿಡಲ್ 160, ಲೈಟ್ ಹೆವಿ 175, ಅದಕ್ಕಿಂತ ಮೇಲೆ ಹೆವಿ. 175ನ್ನ 0.4536ರಿಂದ ಗುಣಿಸಿದ್ರೆ 79.38 ಬರುತ್ತೆ. 1948ರ ಲಂಡನ್‌ನಲ್ಲಿ ಇಡೀ ಪಟ್ಟಿ ಕೆಜಿಗೆ ಬದಲಾಯ್ತು, ಲೈಟ್ ಹೆವಿ 80 ಆಯ್ತು. 1952ರ ಹೆಲ್ಸಿಂಕಿಯಲ್ಲಿ ವಿಭಾಗಗಳು ಹತ್ತಾದವು, ಆವಾಗ ಬಂದಿದ್ದು 81. ನಿಮಗೆ ಸಿಕ್ಕ 81 ಅಲ್ಲಿಂದ ಹಿಂದಕ್ಕೆ ಅಂಟಿಸಿದ ಸಂಖ್ಯೆ. ಲೇಖನದಲ್ಲಿ 175 ಪೌಂಡ್ ಅಂತ ಬರೆದು ಪಕ್ಕದಲ್ಲಿ ಸುಮಾರು 79.4 ಕೆಜಿ ಅಂತ ಹಾಕಿ. ಮೂಲ ಅಳತೆ ಮೊದಲು ಬರಲಿ.

ಹುಬ್ಬಳ್ಳಿ_ಕಾರ್ನರ್
ತಕ್ಕಡಿಯವರು ಹೇಳಿದ್ದು ಖರೇ ಅದ. ಒಂದು ಮಾತು ಸೇರಸ್ರಿ. ಲೈಟ್ ಹೆವಿ ಅನ್ನೋ ವಿಭಾಗನ ಒಲಿಂಪಿಕ್ಸ್‌ಗೆ ಮೊದಲ ಸಲ ಬಂದದ್ದು 1920ರಾಗ. ಅದಕ್ಕಿಂತ ಮುಂಚೆ 158 ಪೌಂಡ್ ದಾಟಿದವ ಸೀದಾ ಹೆವಿವೇಟ್ ಜೋಡಿ ಆಡಬೇಕಿತ್ತು. ಸೋರ್ಸ್‌ಡಾಲ್ ಮೈಕಟ್ಟಿನವರಿಗೆ ಅದು ಭಾಳ ದೊಡ್ಡ ಅನುಕೂಲ ಆತು. ಹೊಸ ವಿಭಾಗದ ಮೊದಲ ಫೈನಲ್ಲಿನ್ಯಾಗ ಆಡಿದ ಇಬ್ಬರೊಳಗ ಇವರೂ ಒಬ್ಬರು, ಇದನ್ನ ಲೇಖನದ ಮೊದಲ ಪ್ಯಾರಾದಾಗ ಹಾಕ್ರಿ.

ಮೂರನೇ_ಸುತ್ತು
1912ರ ಸ್ಟಾಕ್‌ಹೋಮ್‌ನಲ್ಲೇ ಲೈಟ್ ಹೆವಿ ಇತ್ತಲ್ವಾ?

ಹುಬ್ಬಳ್ಳಿ_ಕಾರ್ನರ್
ಇಲ್ರೀ. 1912ರಾಗ ಬಾಕ್ಸಿಂಗೇ ಇರಲಿಲ್ಲ. ಸ್ವೀಡನ್ ಕಾನೂನು ಬಾಕ್ಸಿಂಗ್‌ಗೆ ಅವಕಾಶ ಕೊಡತಿರಲಿಲ್ಲ, ಹಿಂಗಾಗಿ ಕಾರ್ಯಕ್ರಮದಿಂದನ ಕೈಬಿಟ್ಟರು. 1908ರ ಲಂಡನ್ ಆದಮ್ಯಾಲೆ ಸೀದಾ 1920ರ ಆಂಟ್‌ವರ್ಪ್.

ಡ್ರಾ_ಶೀಟ್
ಪೀಟರ್ಸನ್ ಗೊಂದಲ ಬಿಡಿಸೋಣ. ಒಬ್ಬರಲ್ಲ, ಇಬ್ಬರೂ ಅಲ್ಲ, ಮೂವರಿದ್ದಾರೆ. ಮೂವರೂ ಡೆನ್ಮಾರ್ಕಿನವರು, ಮೂವರೂ ಬೆಳ್ಳಿ ಗೆದ್ದವರು.

ಆಂಡರ್ಸ್ ಪೀಟರ್ಸನ್ 1920ರ ಫ್ಲೈವೇಟ್, ಫೈನಲ್‌ನಲ್ಲಿ ಅಮೆರಿಕದ ಫ್ರ್ಯಾಂಕಿ ಜೆನಾರೊ ಎದುರು ಸೋತವರು. ಸೋರೆನ್ ಪೀಟರ್ಸನ್ ಹೆವಿವೇಟ್, 1920ರಲ್ಲೂ ಬೆಳ್ಳಿ, 1924ರಲ್ಲೂ ಬೆಳ್ಳಿ. ತೂಗೆ ಪೀಟರ್ಸನ್ 1924ರ ಲೈಟ್ ಹೆವಿವೇಟ್, ಬ್ರಿಟನ್ನಿನ ಹ್ಯಾರಿ ಮಿಚೆಲ್ ಎದುರು ಫೈನಲ್ ಸೋತವರು. ನಿಮ್ಮ ಲೇಖನಕ್ಕೆ ಬೇಕಾಗಿರೋದು ಈ ಕೊನೆಯವರು, ತೂಗೆ.

ಸೋರ್ಸ್‌ಡಾಲ್‌ರ ಎರಡು ಒಲಿಂಪಿಕ್ಸ್ ಹೀಗಿದೆ. 1920: ಸೆಮಿಫೈನಲ್‌ನಲ್ಲಿ ಬ್ರಿಟನ್ನಿನ ಹ್ಯೂ ಬ್ರೌನ್ ಎದುರು ಗೆಲುವು, ಫೈನಲ್‌ನಲ್ಲಿ ಅಮೆರಿಕದ ಎಡ್ಡಿ ಈಗನ್ ಎದುರು ಸೋಲು. ಕಂಚು ಬ್ರಿಟನ್ನಿನ ಹೆರಾಲ್ಡ್ ಫ್ರಾಂಕ್ಸ್‌ಗೆ. 1924: ಸೆಮಿಫೈನಲ್ ಸೋಲು, ಆಮೇಲೆ ಇಟಲಿಯ ಕಾರ್ಲೊ ಸರೌದಿ ಎದುರು ಗೆದ್ದು ಕಂಚು.

ಮೂರನೇ_ಸುತ್ತು
1924ರ ಸೆಮಿಯಲ್ಲಿ ಸೋತಿದ್ದು ಮಿಚೆಲ್‌ಗೇ ಅಲ್ವಾ? ಚಿನ್ನ ಗೆದ್ದೋರು ಅವರೇ ತಾನೇ.

ಡ್ರಾ_ಶೀಟ್
ಅಲ್ಲ. ಮಿಚೆಲ್ ಸೋಲಿಸಿದ್ದು ಸರೌದಿಯನ್ನ. ಸೋರ್ಸ್‌ಡಾಲ್ ಸೋತಿದ್ದು ತೂಗೆ ಪೀಟರ್ಸನ್‌ಗೆ. ಈ ತಪ್ಪು ಆಗೋದು ಎಲ್ಲಿ ಅಂದ್ರೆ, ಕಂಚು ಗೆದ್ದವರು ಚಿನ್ನ ಗೆದ್ದವರ ಕೈಯಲ್ಲೇ ಸೋತಿರಬೇಕು ಅಂತ ಊಹಿಸ್ಕೊಂಡು ಬರೆದುಬಿಡ್ತಾರೆ. ಡ್ರಾ, ಅಂದ್ರೆ ಯಾವ ಸುತ್ತಿನಲ್ಲಿ ಯಾರ ಎದುರು ಯಾರು ಅನ್ನೋ ಪಟ್ಟಿ, ನೋಡದೆ ಸೆಮಿಫೈನಲ್ ಬರೀಬಾರದು. ನಾಲ್ಕನೇ ಸ್ಥಾನದವರ ಹೆಸರು ಗೊತ್ತಿದ್ರೆ ಪರೀಕ್ಷೆ ಮಾಡೋದು ಸಲೀಸು: ಸೆಮಿಯಲ್ಲಿ ಸೋತ ಇಬ್ಬರು ಮೂರನೇ ಮತ್ತು ನಾಲ್ಕನೇ ಸ್ಥಾನದಲ್ಲಿರ್ತಾರೆ, ಒಬ್ಬರು ಚಿನ್ನದವರಿಗೆ ಸೋತವರು, ಇನ್ನೊಬ್ಬರು ಬೆಳ್ಳಿಯವರಿಗೆ.

ಕರಾವಳಿ_ಪಂಚ್
ಇಲ್ಲೊಂದು ವಿಷಯ ಒತ್ತಿ ಹೇಳ್ಬೇಕು ಮಾರಾಯ್ರೆ. ಈಗಿನ ಒಲಿಂಪಿಕ್ ಬಾಕ್ಸಿಂಗ್ ನೋಡಿದವರಿಗೆ ಕಂಚು ಅಂದ್ರೆ ಸೆಮಿಫೈನಲ್‌ನಲ್ಲಿ ಸೋತವರಿಗೆ ಸಿಗುವ ಪದಕ. ಎರಡು ಕಂಚು ಕೊಡ್ತಾರೆ. ಆ ಪದ್ಧತಿ 1952ರಿಂದ ಈಚೆಗಿನದ್ದು. ಎರಡು ಯುದ್ಧಗಳ ನಡುವೆ ಹಾಗಿರ್ಲಿಲ್ಲ. ಸೆಮಿ ಸೋತವ ಮತ್ತೆ ಗ್ಲೌಸ್ ಕಟ್ಟಿ ಇನ್ನೊಂದು ಪಂದ್ಯ ಆಡಬೇಕು, ಗೆದ್ದರೆ ಕಂಚು, ಸೋತರೆ ಬರಿಗೈ. ಸರೌದಿ ಬರಿಗೈಯಲ್ಲಿ ಹೋದವರು. ಹಾಗಾಗಿ "ಸೆಮಿಫೈನಲ್ ತಲುಪಿ ಕಂಚು ಪಡೆದರು" ಅಂತ ಬರೀಬೇಡಿ, "ಮೂರನೇ ಸ್ಥಾನದ ಪಂದ್ಯ ಗೆದ್ದು" ಅಂತ ಬರೀರಿ. ಆ ಕಂಚಿನ ಬೆಲೆ ಬೇರೆಯೇ.

ಘಂಟೆ_ಹೊಡೀತು
ಇದು ನಿಜಕ್ಕೂ ಗೊತ್ತಿರಲಿಲ್ಲ. ತಿದ್ದುತೀನಿ. ಅಂದ್ರೆ ಪ್ಯಾರಿಸ್‌ನಲ್ಲಿ ಅವರ ಕೊನೆಯ ಪಂದ್ಯ ಗೆಲುವಿನದ್ದು, ಆಂಟ್‌ವರ್ಪ್‌ನ ಕೊನೆಯ ಪಂದ್ಯ ಸೋಲಿನದ್ದು.

ಹಳೇ_ಪತ್ರಿಕೆ
ಹೌದು. ಪದಕದ ಬಣ್ಣ ನೋಡಿ 1924ರಲ್ಲಿ ಕೆಳಗಿಳಿದರು ಅನ್ನೋರಿಗೆ ಇದೊಂದು ಉತ್ತರ. ನಾಲ್ಕು ವರ್ಷದ ಅಂತರದಲ್ಲಿ ಅದೇ 175 ಪೌಂಡ್ ಒಳಗೆ ಉಳ್ಕೊಂಡು ಎರಡನೇ ಸಲ ಪದಕದ ಸುತ್ತಿಗೆ ಬರೋದು ಸಣ್ಣ ಮಾತಲ್ಲ. ಈಗನ್ ಅವರನ್ನೇ ತಗೊಳ್ಳಿ. 1920ರಲ್ಲಿ ಇವರನ್ನ ಸೋಲಿಸಿ ಚಿನ್ನ ಗೆದ್ದವರು 1924ಕ್ಕೆ ಹೆವಿವೇಟ್‌ಗೆ ಹೋದರು, ಮೊದಲ ಪಂದ್ಯದಲ್ಲೇ ಬ್ರಿಟನ್ನಿನ ಆರ್ಥರ್ ಕ್ಲಿಫ್ಟನ್ ಎದುರು ಸೋತು ಹೊರಬಿದ್ದರು.

ಮೂರನೇ_ಸುತ್ತು
ಈಗನ್ ಅಂದ್ರೆ ಬಾಬ್‌ಸ್ಲೆಡ್ ಈಗನ್?

ಹಳೇ_ಪತ್ರಿಕೆ
ಅವರೇ. 1932ರ ಲೇಕ್ ಪ್ಲ್ಯಾಸಿಡ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ನಾಲ್ವರ ಬಾಬ್‌ಸ್ಲೆಡ್, ಅಂದ್ರೆ ಹಿಮದ ಜಾರುಬಂಡಿ ಓಟದಲ್ಲಿ ಚಿನ್ನ. ಬೇಸಿಗೆಯಲ್ಲೊಂದು, ಚಳಿಗಾಲದಲ್ಲೊಂದು, ಬೇರೆ ಬೇರೆ ಆಟದಲ್ಲಿ ಚಿನ್ನ ಗೆದ್ದ ಒಬ್ಬರೇ ವ್ಯಕ್ತಿ. "ಬೇರೆ ಬೇರೆ ಆಟದಲ್ಲಿ" ಅನ್ನೋ ಮಾತು ಬಿಡಬೇಡಿ, ಯಾಕಂದ್ರೆ ಸ್ವೀಡನ್ನಿನ ಗಿಲ್ಲಿಸ್ ಗ್ರಾಫ್‌ಸ್ಟ್ರಮ್ ಫಿಗರ್ ಸ್ಕೇಟಿಂಗ್ ಒಂದರಲ್ಲೇ ಎರಡೂ ಕಡೆ ಗೆದ್ದಿದ್ದಾರೆ. 1920ರಲ್ಲಿ ಸ್ಕೇಟಿಂಗ್ ಬೇಸಿಗೆ ಒಲಿಂಪಿಕ್ಸ್‌ನಲ್ಲಿತ್ತು.

ಚಿನ್ನವೇ_ಚಿನ್ನ
ಒಂದು ಭಿನ್ನಾಭಿಪ್ರಾಯ. ನಾರ್ವೆಯ ಆ ಕಾಲದ ಬಾಕ್ಸರ್ ಅಂದ್ರೆ ಮೊದಲು ಬರೀಬೇಕಾದ್ದು ಒಟ್ಟೊ ಫಾನ್ ಪೊರಾಟ್ ಬಗ್ಗೆ. 1924ರ ಹೆವಿವೇಟ್ ಚಿನ್ನ. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ನಾರ್ವೆಗೆ ಸಿಕ್ಕ ಒಂದೇ ಚಿನ್ನ ಅದು. ಫೈನಲ್‌ನಲ್ಲಿ ಸೋರೆನ್ ಪೀಟರ್ಸನ್ ಅವರನ್ನ ಸೋಲಿಸಿದರು, ಅರ್ಜೆಂಟೀನಾದ ಅಲ್ಫ್ರೆಡೊ ಪೊರ್ಸಿಯೊ ಕಂಚು. ಆಮೇಲೆ ಅಮೆರಿಕಕ್ಕೆ ಹೋಗಿ ವೃತ್ತಿಪರರಾಗಿ ದೊಡ್ಡ ದೊಡ್ಡವರ ಜತೆ ಆಡಿದರು. ಬೆಳ್ಳಿ ಕಂಚಿನವರಿಗೆ ಇಷ್ಟು ಚರ್ಚೆ, ಚಿನ್ನದವರಿಗೆ ಒಂದು ಸಾಲೂ ಇಲ್ಲ ಅಂದ್ರೆ ಹೇಗೆ?

ಹುಬ್ಬಳ್ಳಿ_ಕಾರ್ನರ್
ಫಾನ್ ಪೊರಾಟ್ ದೊಡ್ಡವರು, ಅದಕ್ಕ ತಕರಾರಿಲ್ಲ. ಆದ್ರ ಅವರ ಹವ್ಯಾಸಿ ಜೀವನ ಸಣ್ಣದು. ವೃತ್ತಿಪರ ಪಂದ್ಯ ಆಡಿದ ಮ್ಯಾಲೆ ಒಲಿಂಪಿಕ್ಸ್ ಬಾಗಿಲಾ ಮುಚ್ಚತು, ಆ ಕಾಲದ ನಿಯಮನ ಹಂಗಿತ್ತು. ಸೋರ್ಸ್‌ಡಾಲ್ ಎರಡು ಒಲಿಂಪಿಕ್ಸ್ ಆಡಿ ಎರಡರಾಗೂ ಪದಕ ತಂದರು. ನಾರ್ವೆಯ ಬ್ಯಾರೆ ಯಾವ ಬಾಕ್ಸರ್‌ಗೂ ಎರಡು ಒಲಿಂಪಿಕ್ ಪದಕ ಇಲ್ಲ. ವಿಷಯ ಹವ್ಯಾಸಿ ಬಾಕ್ಸಿಂಗ್ ಅಂದಮ್ಯಾಲೆ ಇವರನ್ನ ಬಿಟ್ಟು ಬ್ಯಾರೆಯವರನ್ನ ಮೊದಲು ಹ್ಯಾಂಗ ಬರೀತೀರಿ?

ಚಿನ್ನವೇ_ಚಿನ್ನ
ವೃತ್ತಿಪರ ಆದ್ರೆ ಹವ್ಯಾಸಿ ಸಾಧನೆ ಕಮ್ಮಿ ಆಗುತ್ತಾ?

ಹುಬ್ಬಳ್ಳಿ_ಕಾರ್ನರ್
ಕಮ್ಮಿ ಆಗಂಗಿಲ್ಲ. ಉದ್ದ ಕಮ್ಮಿ ಆಗತದ ಅಷ್ಟ. ಅವರ ಕಥಿಯ ದೊಡ್ಡ ಭಾಗ ಅಮೆರಿಕದಾಗ ನಡದದ, ರೊಕ್ಕದ ಬಾಕ್ಸಿಂಗಿನ್ಯಾಗ ನಡದದ. 1929ರ ಡಿಸೆಂಬರಿನ್ಯಾಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಒಳಗ ಬ್ರಿಟನ್ನಿನ ಫಿಲ್ ಸ್ಕಾಟ್ ಜೋಡಿ ಆಡಿದ್ದು ನೋಡ್ರಿ. ಸೊಂಟದ ಕೆಳಗ ಹೊಡದರು ಅಂತ ಫಾನ್ ಪೊರಾಟ್ ಅವರನ್ನ ಅನರ್ಹ ಮಾಡಿ ಸ್ಕಾಟ್‌ಗ ಗೆಲುವು ಕೊಟ್ಟರು. ಸ್ಕಾಟ್‌ಗ ಹಂತಾ ಗೆಲುವು ಅದೊಂದ ಅಲ್ಲ. ಇದೆಲ್ಲಾ ಬ್ಯಾರೆ ಲೇಖನಕ್ಕ ಸಾಮಾನು.

ಡ್ರಾ_ಶೀಟ್
ಇಬ್ಬರ ವಾದವೂ ಒಂದು ಮುಖ್ಯ ವಿಷಯ ಬಿಟ್ಟಿದೆ. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ನಾರ್ವೆಯ ಎಲ್ಲಾ ಪದಕಗಳನ್ನ ಸಾಲಾಗಿ ಇಡಿ:

1920 ಆಂಟ್‌ವರ್ಪ್: ಸೋರ್ಸ್‌ಡಾಲ್, ಲೈಟ್ ಹೆವಿ, ಬೆಳ್ಳಿ
1924 ಪ್ಯಾರಿಸ್: ಫಾನ್ ಪೊರಾಟ್, ಹೆವಿ, ಚಿನ್ನ
1924 ಪ್ಯಾರಿಸ್: ಸೋರ್ಸ್‌ಡಾಲ್, ಲೈಟ್ ಹೆವಿ, ಕಂಚು
1936 ಬರ್ಲಿನ್: ಹೆನ್ರಿ ಟಿಲ್ಲರ್, ಮಿಡಲ್, ಬೆಳ್ಳಿ
1936 ಬರ್ಲಿನ್: ಎರ್ಲಿಂಗ್ ನಿಲ್ಸೆನ್, ಹೆವಿ, ಕಂಚು

ಇಷ್ಟೇ. ಐದು ಪದಕ, ನಾಲ್ಕು ಜನ. ಐದೂ ಎರಡು ಯುದ್ಧಗಳ ನಡುವೆಯೇ. 1936ರ ನಂತರ ಒಂದೂ ಇಲ್ಲ. ಐದೂ 160 ಪೌಂಡ್ ವಿಭಾಗ ಮತ್ತು ಅದಕ್ಕಿಂತ ಮೇಲಿನವು. ಸೋರ್ಸ್‌ಡಾಲ್ ಲೇಖನಕ್ಕೆ ಬೆನ್ನೆಲುಬು ಇದೇ: ಈ ಸಾಲನ್ನ ಶುರು ಮಾಡಿದವರು ಅವರು.

ಕರಾವಳಿ_ಪಂಚ್
ನಾರ್ವೆಯವರು ಎತ್ತರದ ಆಳುಗಳು, ಅದಕ್ಕೇ ದೊಡ್ಡ ತೂಕದಲ್ಲಿ ಗೆದ್ದರು. ಇದರಲ್ಲಿ ಆಶ್ಚರ್ಯ ಏನುಂಟು?

ತೂಕದ_ತಕ್ಕಡಿ
ಆ ವಾದ ನಿಲ್ಲಲ್ಲ. ಪಕ್ಕದ ಡೆನ್ಮಾರ್ಕ್ ನೋಡಿ, ಮೈಕಟ್ಟು ಅದೇ ತರಹದ್ದು. ಅಲ್ಲಿಂದ 1920ರಲ್ಲಿ ಫ್ಲೈವೇಟ್ ಬೆಳ್ಳಿ, ಗೋಟ್‌ಫ್ರೆಡ್ ಯೋಹಾನ್ಸನ್ ಅವರ ಲೈಟ್‌ವೇಟ್ ಬೆಳ್ಳಿ, 1924ರಲ್ಲಿ ಹಾನ್ಸ್ ಯಾಕೋಬ್ ನೀಲ್ಸನ್ ಅವರ ಲೈಟ್‌ವೇಟ್ ಚಿನ್ನ. 112 ಪೌಂಡ್‌ನವರೂ ಇದ್ದರು, 135ರವರೂ ಇದ್ದರು. ನಾರ್ವೆಯಲ್ಲೂ ಸಣ್ಣ ತೂಕದವರಿಗೆ ಬರ ಇರಲಿಲ್ಲ. ಪೀಟ್ ಸಾನ್‌ಸ್ಟೋಲ್ ಬ್ಯಾಂಟಮ್‌ವೇಟ್, ನಾರ್ವೆಯವರೇ. 1931ರಲ್ಲಿ ಮಾಂಟ್ರಿಯಲ್‌ನಲ್ಲಿ ಪನಾಮಾ ಅಲ್ ಬ್ರೌನ್ ಜತೆ ವಿಶ್ವ ಪಟ್ಟಕ್ಕೆ ಆಡಿ ತೀರ್ಪುಗಾರರ ಒಡೆದ ತೀರ್ಪಿನಲ್ಲಿ ಸೋತವರು. ಆದ್ರೆ ಅವರು ಆಡಿದ್ದು ವೃತ್ತಿಪರರಾಗಿ, ಒಲಿಂಪಿಕ್ಸ್ ಲೆಕ್ಕಕ್ಕೆ ಬರಲ್ಲ.

ದೊಡ್ಡ ತೂಕದಲ್ಲಿ ಸಾಮಾನ್ಯವಾಗಿ ಸ್ಪರ್ಧಿಗಳು ಕಡಿಮೆ ಇರ್ತಾರೆ, ಪದಕಕ್ಕೆ ಆಡಬೇಕಾದ ಪಂದ್ಯಗಳೂ ಕಡಿಮೆ. ಸಣ್ಣ ದೇಶದಿಂದ ಬಂದ ಒಬ್ಬ ಒಳ್ಳೆ ಬಾಕ್ಸರ್ ಅಲ್ಲಿ ಬೇಗ ಮೇಲೆ ಬರ್ತಾನೆ. ಜೊತೆಗೆ ತೂಕ ಇಳಿಸೋ ಕಾಟ. ಪಂದ್ಯ ಇರೋ ಪ್ರತಿ ದಿನ ಬೆಳಿಗ್ಗೆ ತಕ್ಕಡಿ ಹತ್ತಬೇಕು. ಪ್ಯಾರಿಸ್‌ನಲ್ಲಿ ಬಾಕ್ಸಿಂಗ್ ನಡೆದಿದ್ದು ಜುಲೈ 15ರಿಂದ 20, ಬಿರುಬೇಸಿಗೆ. ಮಿತಿಗೆ ಅಂಟಿಕೊಂಡಿರೋ ಬಾಕ್ಸರ್ ನೀರು ಬಿಟ್ಟು ತೂಕ ಇಳಿಸ್ತಾನೆ, ಸಂಜೆ ಆಡ್ತಾನೆ, ರಾತ್ರಿ ಹೊಟ್ಟೆ ತುಂಬ ಉಣ್ಣೋ ಹಾಗಿಲ್ಲ, ಬೆಳಿಗ್ಗೆ ಮತ್ತೆ ತಕ್ಕಡಿ. ಮೂರನೇ ದಿನಕ್ಕೆ ಕಾಲು ಭಾರ ಆಗುತ್ತೆ, ಮೂರನೇ ರೌಂಡ್‌ನಲ್ಲಿ ಕೈ ಕೆಳಗೆ ಬೀಳುತ್ತೆ. ಹೆವಿವೇಟ್‌ಗೆ ಈ ಪಾಡಿಲ್ಲ. ಲೈಟ್ ಹೆವಿಗೆ ಇದೆ. ಹಾಗಾಗಿ ಸೋರ್ಸ್‌ಡಾಲ್‌ರನ್ನ ಫಾನ್ ಪೊರಾಟ್ ಜತೆ ಸುಮ್ಮನೆ ಪಕ್ಕಪಕ್ಕ ನಿಲ್ಲಿಸಿ ಹೋಲಿಸೋಕೆ ಬರಲ್ಲ.

ಚಿನ್ನವೇ_ಚಿನ್ನ
ತಕ್ಕಡಿ ಸರ್, ಇದನ್ನ ಒಪ್ತೀನಿ. ಆದರೂ ಚಿನ್ನ ಚಿನ್ನವೇ.

ಘಂಟೆ_ಹೊಡೀತು
ನನ್ನ ಮುಖ್ಯ ಪ್ರಶ್ನೆಗೆ ಬನ್ನಿ. ಗೆಲುವು ಸೋಲಿನ ಒಟ್ಟು ಲೆಕ್ಕ ಎಲ್ಲಿ ಸಿಗುತ್ತೆ?

ಹಳೇ_ಪತ್ರಿಕೆ
ಸಿಗಲ್ಲ, ಅದನ್ನ ಹುಡುಕೋದು ಬಿಡಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಪ್ರತಿ ಪಂದ್ಯಕ್ಕೂ ಒಪ್ಪಂದ, ಹಣ, ಟಿಕೆಟ್ ಇರ್ತಿತ್ತು, ಪತ್ರಿಕೆಗಳು ಬರೀತಿದ್ದವು, ಅದರಿಂದ ದಾಖಲೆ ಉಳಿದಿದೆ. ಹವ್ಯಾಸಿ ಪಂದ್ಯ ಕ್ಲಬ್ ರಾತ್ರಿಗಳಲ್ಲಿ ನಡೀತಿತ್ತು, ಒಂದೇ ಸಂಜೆ ಎಂಟು ಹತ್ತು ಜೋಡಿ, ಪತ್ರಿಕೆಯಲ್ಲಿ ಎರಡು ಸಾಲು. ಈಗಿನ ಡೇಟಾಬೇಸ್‌ಗಳಲ್ಲಿ ಹವ್ಯಾಸಿಗೆ ಐದೋ ಆರೋ ಪಂದ್ಯ ತೋರಿಸಿದ್ರೆ ಅದು ಒಲಿಂಪಿಕ್ಸ್ ಪಂದ್ಯ ಮಾತ್ರ. ಅದನ್ನೇ ಕೂಡಿಸಿ "ಒಟ್ಟು ಇಷ್ಟು ಪಂದ್ಯ" ಅಂತ ಬರೆದ್ರೆ ಅದು ಸುಳ್ಳು ಲೆಕ್ಕ. ಹವ್ಯಾಸಿ ವೃತ್ತಾಂತವನ್ನ ಟೂರ್ನಿ ಟೂರ್ನಿಯಾಗಿ ಬರೀಬೇಕು: ಯಾವ ವರ್ಷ, ಯಾವ ಕೂಟ, ಯಾವ ತೂಕ, ಯಾರನ್ನ ಸೋಲಿಸಿದರು, ಯಾರಿಗೆ ಸೋತರು, ಹೇಗೆ.

ಆಂಟ್‌ವರ್ಪ್‌ಗೆ ಇನ್ನೊಂದು ತೊಡಕಿದೆ. ಬೆಲ್ಜಿಯಂ ಯುದ್ಧದಿಂದ ಆಗಷ್ಟೇ ಎದ್ದ ದೇಶ, ಸಂಘಟಕರ ಹತ್ರ ಹಣ ಇರಲಿಲ್ಲ, ಸರಿಯಾದ ಅಧಿಕೃತ ವರದಿ ಆಗ ಅಚ್ಚಾಗಲೇ ಇಲ್ಲ. ಟೈಪ್ ಮಾಡಿದ ಒಂದು ವರದಿ ತಯಾರಾಗಿದ್ದು 1957ರಲ್ಲಿ. ಅದಕ್ಕೇ 1920ರ ಬಾಕ್ಸಿಂಗ್‌ನ ಮೊದಲ ಸುತ್ತುಗಳ ವಿವರ ತೆಳು. ಪ್ಯಾರಿಸ್‌ನ ವರದಿ ಫ್ರೆಂಚಿನಲ್ಲಿ ದಪ್ಪ ಪುಸ್ತಕ, ಅಲ್ಲಿ ಲೈಟ್ ಹೆವಿಗೆ "ಮಿ-ಲೂರ್" ಅಂತಾರೆ, ಹೆವಿಗೆ "ಲೂರ್". ಮಿ-ಲೂರ್ ಕೆಳಗೆ ನೋಡಿ, ಲೂರ್ ಕೆಳಗೆ ನೋಡಿದ್ರೆ ಮತ್ತೆ ಬೇರೆ ಪೀಟರ್ಸನ್ ಸಿಗ್ತಾರೆ.

ಓಸ್ಲೋ_ಕನ್ನಡ
ನಾರ್ವೆಯ ರಾಷ್ಟ್ರೀಯ ಗ್ರಂಥಾಲಯ ಹಳೆಯ ಪತ್ರಿಕೆಗಳನ್ನ ಸ್ಕ್ಯಾನ್ ಮಾಡಿಟ್ಟಿದೆ. ಕೆಲವು ಎಲ್ಲಿಂದ ಬೇಕಾದ್ರೂ ತೆರೀತವೆ, ಕೆಲವು ನಾರ್ವೆಯ ಒಳಗಿನಿಂದ ಮಾತ್ರ. ಹುಡುಕೋ ಕ್ರಮ ಹೇಳ್ತೀನಿ.

ಮೊದಲು ದಿನಾಂಕ ಕಟ್ಟಿಹಾಕಿ. ಆಂಟ್‌ವರ್ಪ್ ಬಾಕ್ಸಿಂಗ್ 1920ರ ಆಗಸ್ಟ್ 21ರಿಂದ 24, ಹಾಗಾಗಿ ಆಗಸ್ಟ್ 20ರಿಂದ ಸೆಪ್ಟೆಂಬರ್ 5ರವರೆಗೆ ಇಡಿ. ಸುದ್ದಿ ತಂತಿಯಲ್ಲಿ ಬೇಗ ಬರ್ತಿತ್ತು, ಉದ್ದನೆಯ ವರದಿ ಅಂಚೆಯಲ್ಲಿ ವಾರ ಕಳೆದು ಬರ್ತಿತ್ತು. ಆಮೇಲೆ ಅವರ ಹೆಸರಿನಿಂದ ಹುಡುಕಬೇಡಿ, "ಬೊಕ್ಸಿಂಗ್" ಮತ್ತು "ಆಂಟ್‌ವರ್ಪೆನ್" ಅನ್ನೋ ನಾರ್ವೇಜಿಯನ್ ಪದಗಳಿಂದ ಶುರು ಮಾಡಿ. ಯಾಕಂದ್ರೆ ಸ್ಕ್ಯಾನ್‌ನ ಯಂತ್ರ ಆ ಅಡ್ಡಗೆರೆ ಇರೋ ಓ ಅಕ್ಷರವನ್ನ ಒಮ್ಮೆ ಸಾದಾ ಓ ಅಂತ ಓದುತ್ತೆ, ಒಮ್ಮೆ ಸೊನ್ನೆ ಅಂತ, ಒಮ್ಮೆ ಎಂಟು ಅಂತ. ಸೋರ್ಸ್‌ಡಾಲ್ ಹೆಸರು ಅಂಕಣದ ಕೊನೆಯಲ್ಲಿ ಎರಡು ತುಂಡಾಗಿದ್ರೂ ಸಿಗಲ್ಲ. "ಡಾಲ್" ಭಾಗದ ಹಿಂದೆ ನಕ್ಷತ್ರ ಚಿಹ್ನೆ ಹಾಕಿ ನೋಡಿ.

ತೂಕದ ಪದ "ಲೆಟ್‌ತುಂಗ್‌ವೆಕ್ಟ್", ಅಂದ್ರೆ ಹಗುರ-ಭಾರ ತೂಕ. ಆ ಕಾಲದಲ್ಲಿ ಒಂದೇ ಪದವಾಗಿ, ಎರಡು ಪದವಾಗಿ, ನಡುವೆ ಗೆರೆ ಹಾಕಿ, ಹೇಗೆ ಬೇಕಾದ್ರೂ ಇರುತ್ತೆ. "ಪೊ ಪೊಯೆಂಗ್" ಅಂತ ಇದ್ರೆ ಪಾಯಿಂಟ್ಸ್ ಮೇಲೆ, ಅಂದ್ರೆ ನಾಕೌಟ್ ಇಲ್ಲದೆ ಜಡ್ಜ್‌ಗಳ ತೀರ್ಪಿನಿಂದ. ರಾಷ್ಟ್ರೀಯ ಚಾಂಪಿಯನ್‌ಶಿಪ್‌ಗೆ "ನೊರ್ಗೆಸ್‌ಮೆಸ್ಟರ್‌ಸ್ಕಾಪ್", ಚಿಕ್ಕದಾಗಿ ಎನ್ನೆಮ್. ಅಲ್ಲಿ "ಕೊಂಗೆಪೊಕಾಲ್" ಕಂಡ್ರೆ ಅದು ರಾಜನ ಹೆಸರಿನ ಕಪ್.

ಪದ_ಹುಚ್ಚು
ಹೆಸರಿನ ಪ್ರಶ್ನೆ ಯಾರೂ ಮುಟ್ಟಿಲ್ಲ. ಆ ಅಡ್ಡಗೆರೆಯ ಓ ನಮ್ಮಲ್ಲಿಲ್ಲದ ಸ್ವರ. ಬಾಯಿಯನ್ನ "ಎ" ಅನ್ನೋಕೆ ಇಟ್ಟು ತುಟಿ ಮಾತ್ರ "ಓ" ಹಾಗೆ ಗುಂಡಗೆ ಮಾಡಿದ್ರೆ ಹತ್ತಿರ ಬರುತ್ತೆ. ಕನ್ನಡದಲ್ಲಿ "ಸೋ" ಅಂತಲೇ ಬರೀಬೇಕು, ಬೇರೆ ದಾರಿ ಇಲ್ಲ.

ಮುಂದಿನದ್ದು ಚೆಂದ. ಓಸ್ಲೋ ಕಡೆಯ ನಾರ್ವೇಜಿಯನ್‌ನಲ್ಲಿ ರ ಆದ ಕೂಡಲೇ ಸ ಬಂದ್ರೆ ಎರಡೂ ಸೇರಿ ಒಂದೇ ಸದ್ದಾಗುತ್ತೆ, ನಾಲಿಗೆ ಹಿಂದಕ್ಕೆ ಮಡಚಿ ಹೇಳುವ "ಷ". ನಮ್ಮ ಮೂರ್ಧನ್ಯ ಷಕಾರಕ್ಕೆ ತೀರಾ ಹತ್ತಿರ. ಅಲ್ಲಿ ಸೋರ್ಸ್‌ಡಾಲ್ ಅನ್ನೋದು ಕಿವಿಗೆ "ಸೋಷ್‌ಡಾಲ್" ಅಂತ ಬೀಳುತ್ತೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯಲಾಗದ್ದನ್ನ ಕನ್ನಡದಲ್ಲಿ ಬರೀಬಹುದು!

ಓಸ್ಲೋ_ಕನ್ನಡ
ಸರಿ ಹೇಳಿದ್ರಿ. ಓಸ್ಲೋ ಹೆಸರನ್ನೇ ಇಲ್ಲಿ ಬಹಳ ಜನ "ಓಷ್ಲೋ" ಅಂತಾರೆ. ಆದ್ರೆ ಬರ್ಗನ್ ಕಡೆ ರ ಗಂಟಲಿನಿಂದ ಬರುತ್ತೆ, ಅಲ್ಲಿ ಷ ಆಗಲ್ಲ. ಹಾಗಾಗಿ ಶೀರ್ಷಿಕೆಯಲ್ಲಿ ಕಾಗುಣಿತದ ಪ್ರಕಾರ ಸೋರ್ಸ್‌ಡಾಲ್ ಇಟ್ಟು, ಮೊದಲ ಸಾಲಿನಲ್ಲಿ ಉಚ್ಚಾರಣೆ ಕೊಡಿ.

ಕರಾವಳಿ_ಪಂಚ್
ಫಾನ್ ಪೊರಾಟ್‌ನ "ಫಾನ್" ವಾನ್ ಅಲ್ವಾ?

ಪದ_ಹುಚ್ಚು
ಫಕಾರವೇ ಸರಿ, ಕಾಫಿಯ ಫ. ಅಂದ ಹಾಗೆ ಅವರು ಹುಟ್ಟಿದ್ದು ಸ್ವೀಡನ್ನಿನ ಎಲ್ಮ್‌ಹುಲ್ಟ್‌ನಲ್ಲಿ, 1903ರಲ್ಲಿ.

ಮೂರನೇ_ಸುತ್ತು
ಎಲ್ಮ್‌ಹುಲ್ಟ್? ಐಕಿಯಾ ಊರು! ಮೊದಲ ಐಕಿಯಾ ಅಂಗಡಿ 1958ರಲ್ಲಿ ತೆರೆದಿದ್ದು ಅಲ್ಲೇ.

ಡ್ರಾ_ಶೀಟ್
ದಾರಿ ತಪ್ಪುತ್ತಿದ್ದೀವಿ. ತೀರ್ಪಿನ ವಿಷಯಕ್ಕೆ ಬರೋಣ, ಅದು ಲೇಖನಕ್ಕೆ ಬೇಕು. "ಈಗನ್ 3-0ರಿಂದ ಗೆದ್ದರು" ಅಂತೆಲ್ಲಾ ಎಲ್ಲೋ ಓದಿದ್ರೆ ತಗೋಬೇಡಿ. ಆಗ ಈಗಿನ ತರ ಐದು ಜಡ್ಜ್, ಹತ್ತು ಪಾಯಿಂಟ್ ಲೆಕ್ಕ ಇರಲಿಲ್ಲ. ಇಬ್ಬರು ಜಡ್ಜ್‌ಗಳು, ಇಬ್ಬರೂ ಒಪ್ಪಿದ್ರೆ ಮುಗೀತು, ಒಪ್ಪದಿದ್ರೆ ರೆಫರಿ ಮಾತು ಕೊನೆ. ಬ್ರಿಟಿಷ್ ಹವ್ಯಾಸಿ ಪದ್ಧತಿಯಲ್ಲಿ ರೆಫರಿ ರಿಂಗಿನ ಒಳಗೇ ಇರ್ತಿರಲಿಲ್ಲ, ಹಗ್ಗದ ಹೊರಗೆ ಕುರ್ಚಿಯಲ್ಲಿ ಕೂತು ಕೂಗಿ ಹೇಳ್ತಿದ್ದರು. ಬೇರೆ ಬೇರೆ ದೇಶದ ರೂಢಿ ಬೇರೆ ಬೇರೆ, ಭಾಷೆ ಬೇರೆ, ಅದರಿಂದ ಜಗಳ.

1924ರ ಪ್ಯಾರಿಸ್ ಅದಕ್ಕೆ ಕುಖ್ಯಾತ. ವೆಲೊಡ್ರೋಮ್ ಡಿ'ಇವೇರ್ ಒಳಾಂಗಣದಲ್ಲಿ ಮಿಡಲ್‌ವೇಟ್ ಕ್ವಾರ್ಟರ್‌ಫೈನಲ್. ಬ್ರಿಟನ್ನಿನ ಹ್ಯಾರಿ ಮ್ಯಾಲಿನ್ ಎದೆ ಮೇಲೆ ಹಲ್ಲಿನ ಗುರುತು ತೋರಿಸಿದರು, ಫ್ರಾನ್ಸಿನ ರೋಜೆ ಬ್ರೂಸ್ ಕಚ್ಚಿದ್ದರು. ಆದರೂ ತೀರ್ಪು ಬ್ರೂಸ್ ಕಡೆಗೆ ಹೋಯ್ತು. ಸ್ವೀಡನ್ನಿನ ಅಧಿಕಾರಿಯೊಬ್ಬರು ದೂರು ಕೊಟ್ಟ ಮೇಲೆ ಬ್ರೂಸ್ ಅನರ್ಹರಾದರು, ಮ್ಯಾಲಿನ್ ಮುಂದೆ ಹೋಗಿ ಚಿನ್ನ ಗೆದ್ದರು. ಸೋರ್ಸ್‌ಡಾಲ್ ಕಂಚು ಗೆದ್ದಿದ್ದು ಇದೇ ಕೂಟದಲ್ಲಿ. ವಿಧಾನಕ್ಕೆ "ಪಾಯಿಂಟ್ಸ್ ಮೇಲೆ" ಅಂತಷ್ಟೇ ಬರೀಬೇಕು, ಅದೂ ಮೂಲದಲ್ಲಿ ಹಾಗೆ ಕಂಡಿದ್ರೆ ಮಾತ್ರ.

ಘಂಟೆ_ಹೊಡೀತು
ಆ ಕಾಲದ ಕೂಟದ ಫೋಟೋಗಳಲ್ಲಿ ಯಾರಿಗೂ ತಲೆಗವಚ ಇಲ್ಲ. ಅವೆಲ್ಲಾ ಫೋಟೋಗೆ ನಿಂತಿದ್ದಾ, ನಿಜವಾದ ಪಂದ್ಯದ್ದಾ ಅಂತ ತಿಳಿಯೋದು ಹೇಗೆ?

ತೂಕದ_ತಕ್ಕಡಿ
ತಲೆಗವಚದಿಂದ ತಿಳಿಯಲ್ಲ. ಒಲಿಂಪಿಕ್ಸ್‌ಗೆ ಅದು ಬಂದಿದ್ದೇ 1984ರಲ್ಲಿ. ಗಂಡಸರಿಗೆ 2016ರಲ್ಲಿ ಮತ್ತೆ ತೆಗೆದರು. ಹಿಂದೆ ಹಗ್ಗ, ಜನ, ಅಧಿಕಾರಿಗಳ ಮೇಜು ಕಾಣ್ತಾ ಇದೆಯಾ ನೋಡಿ. ಗೋಡೆಯ ಮುಂದೆ ಕೈ ಎತ್ತಿ ನಿಂತಿದ್ರೆ ಪತ್ರಿಕೆಗಾಗಿ ತೆಗೆದಿದ್ದು.

ಓಸ್ಲೋ_ಕನ್ನಡ
ಯಾರೂ ಎತ್ತದ ಒಂದು ಅಪಾಯ ಇದೆ, "ನಾರ್ವೆ ಚಾಂಪಿಯನ್" ಅನ್ನೋ ಪದ. 1924ರಲ್ಲಿ ನಾರ್ವೆಯ ಕಾರ್ಮಿಕ ಚಳವಳಿ ತನ್ನದೇ ಕ್ರೀಡಾ ಒಕ್ಕೂಟ ಕಟ್ಟಿತು, ಹೆಸರು ಚಿಕ್ಕದಾಗಿ ಎ.ಐ.ಎಫ್. ಹಳೆಯ ರಾಷ್ಟ್ರೀಯ ಒಕ್ಕೂಟ ಒಂದು ಕಡೆ, ಕಾರ್ಮಿಕರದ್ದು ಇನ್ನೊಂದು ಕಡೆ. ಕಾರ್ಮಿಕ ಒಕ್ಕೂಟದವರು ಒಲಿಂಪಿಕ್ಸ್ ಬಿಟ್ಟು ತಮ್ಮ ಕಾರ್ಮಿಕ ಒಲಿಂಪಿಯಾಡ್‌ಗಳಿಗೆ ಹೋಗ್ತಿದ್ದರು, 1925ರಲ್ಲಿ ಫ್ರಾಂಕ್‌ಫರ್ಟ್, 1931ರಲ್ಲಿ ವಿಯೆನ್ನಾ, 1937ರಲ್ಲಿ ಆಂಟ್‌ವರ್ಪ್. ಹಾಗಾಗಿ 1924ರ ನಂತರದ ಯಾವ ಪಟ್ಟ ಕಂಡ್ರೂ ಯಾವ ಒಕ್ಕೂಟದ್ದು ಅಂತ ನೋಡ್ಕೊಂಡು ಬರೀಬೇಕು. 1920ರ ಸೋರ್ಸ್‌ಡಾಲ್‌ಗೆ ಈ ತೊಡಕಿಲ್ಲ. ಟಿಲ್ಲರ್, ನಿಲ್ಸೆನ್ ಕಾಲಕ್ಕೆ ಇದು ದೊಡ್ಡ ತೊಡಕು.

ಚಿನ್ನವೇ_ಚಿನ್ನ
ಟಿಲ್ಲರ್ ಕೂಡ ದೊಡ್ಡ ಬಾಕ್ಸರ್. ಬರ್ಲಿನ್‌ನ ಡಾಯ್ಚ್‌ಲಾಂಡ್‌ಹಾಲೆಯಲ್ಲಿ ಫ್ರಾನ್ಸಿನ ಜಾನ್ ದೆಸ್ಪೊ ಎದುರು ಫೈನಲ್ ಸೋತರು. ಅಲ್ಲಿಂದ ಮುಂದೆ ಯಾಕೆ ನಾರ್ವೆಗೆ ಪದಕವೇ ಇಲ್ಲ?

ಹಳೇ_ಪತ್ರಿಕೆ
1940ರ ಒಲಿಂಪಿಕ್ಸ್ ರದ್ದಾಯ್ತು, 1944ರದ್ದೂ ರದ್ದು. 1940ರ ಏಪ್ರಿಲ್ 9ಕ್ಕೆ ಜರ್ಮನಿ ನಾರ್ವೆಗೆ ನುಗ್ಗಿತು. ಆಕ್ರಮಣಕಾರರು ಕ್ರೀಡೆಯನ್ನ ತಮ್ಮ ಹಿಡಿತಕ್ಕೆ ತಗೊಳ್ಳೋಕೆ ಹೋದಾಗ ಆಟಗಾರರು, ಕ್ಲಬ್‌ಗಳು ಅಧಿಕೃತ ಕೂಟಗಳನ್ನ ಬಹಿಷ್ಕರಿಸಿದರು. ಯುದ್ಧ ಮುಗಿಯೋವರೆಗೂ ಆ ಕ್ರೀಡಾ ಮುಷ್ಕರ ನಡೀತು. ಬೇಕು ಅಂತಲೇ ರಿಂಗ್ ಬಿಟ್ಟು ನಿಂತ ತಲೆಮಾರು ಅದು. ಇಪ್ಪತ್ತರ ಆಸುಪಾಸಿನಲ್ಲಿ ಬರ್ಲಿನ್ ಆಡಿದವರಿಗೆ ಮುಂದಿನ ಒಲಿಂಪಿಕ್ಸ್ 1948ರಲ್ಲಿ. ಆ ಹೊತ್ತಿಗೆ ಬಾಕ್ಸರ್‌ನ ಕಾಲು ಮೊದಲಿನ ಹಾಗೆ ಇರಲ್ಲ.

ಮೂರನೇ_ಸುತ್ತು
ನಾರ್ವೆಯಲ್ಲಿ ಬಾಕ್ಸಿಂಗೇ ನಿಷೇಧ ಆಗಿತ್ತು ಅಂತಾರಲ್ಲ, ಅದರಿಂದಲೂ ಇರಬಹುದು.

ಓಸ್ಲೋ_ಕನ್ನಡ
ಅದು ಬೇರೆ. ನಿಷೇಧ ಆಗಿದ್ದು ವೃತ್ತಿಪರ ಬಾಕ್ಸಿಂಗ್, 1981ರ ಕಾನೂನಿನಿಂದ. 2014ರ ಕೊನೆಯಲ್ಲಿ ಸಂಸತ್ತು ಅದನ್ನ ತೆಗೀತು. ಆಮೇಲೆ 2016ರ ಅಕ್ಟೋಬರ್ 1ಕ್ಕೆ ನಾರ್ವೆಯ ವೃತ್ತಿಪರ ಬಾಕ್ಸರ್ ಸಿಸಿಲಿಯಾ ಬ್ರೆಕ್‌ಹುಸ್ ಓಸ್ಲೋದಲ್ಲಿ ಆಡಿದರು. ಹವ್ಯಾಸಿ ಬಾಕ್ಸಿಂಗ್ ಆ ವರ್ಷಗಳಲ್ಲೂ ನಡೀತಾನೇ ಇತ್ತು.

ಹುಬ್ಬಳ್ಳಿ_ಕಾರ್ನರ್
ಘಂಟೆಯವರ, ಬರೆದದ್ದು ಒಂದೀಟು ಇಲ್ಲಿ ಹಾಕ್ರಿ, ನೋಡೂಣು.

ಘಂಟೆ_ಹೊಡೀತು
ಮೊದಲ ಪ್ಯಾರಾ ಹೀಗೆ ಬರೆದಿದ್ದೀನಿ:

"ಸ್ವೆರೆ ಸೋರ್ಸ್‌ಡಾಲ್ (ಜನನ 1900) ನಾರ್ವೆಯ ಹವ್ಯಾಸಿ ಬಾಕ್ಸರ್. ಓಸ್ಲೋ ಕಡೆಯ ಉಚ್ಚಾರಣೆಯಲ್ಲಿ ಹೆಸರು ಸೋಷ್‌ಡಾಲ್ ಎಂದು ಕೇಳಿಸುತ್ತದೆ. ಲೈಟ್ ಹೆವಿವೇಟ್ ವಿಭಾಗ (175 ಪೌಂಡ್, ಸುಮಾರು 79.4 ಕೆಜಿ) ಒಲಿಂಪಿಕ್ಸ್‌ಗೆ ಮೊದಲು ಸೇರಿದ 1920ರ ಆಂಟ್‌ವರ್ಪ್ ಕೂಟದಲ್ಲಿ ಫೈನಲ್ ತಲುಪಿ, ಅಮೆರಿಕದ ಎಡ್ಡಿ ಈಗನ್ ಎದುರು ಸೋತು ಬೆಳ್ಳಿ ಪದಕ ಪಡೆದರು. 1924ರ ಪ್ಯಾರಿಸ್ ಕೂಟದ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕಿನ ತೂಗೆ ಪೀಟರ್ಸನ್ ಎದುರು ಸೋತರು. ಮೂರನೇ ಸ್ಥಾನದ ಪಂದ್ಯದಲ್ಲಿ ಇಟಲಿಯ ಕಾರ್ಲೊ ಸರೌದಿ ಎದುರು ಗೆದ್ದು ಕಂಚು ಪಡೆದರು. ಒಲಿಂಪಿಕ್ ಬಾಕ್ಸಿಂಗ್‌ನಲ್ಲಿ ನಾರ್ವೆ ಗೆದ್ದ ಐದು ಪದಕಗಳಲ್ಲಿ ಎರಡು ಇವರವು."

ಅದರ ಕೆಳಗೆ ಒಟ್ಟೊ ಫಾನ್ ಪೊರಾಟ್ ಅವರ ಚಿನ್ನದ ಬಗ್ಗೆ ಎರಡು ಸಾಲು, ಮತ್ತೆ "ಓಸ್ಲೋದಿಂದ ಹೊರಟ 1924ರ ತಂಡ" ಅಂತ ಒಂದು ವಾಕ್ಯ ಇದೆ.

ಚಿನ್ನವೇ_ಚಿನ್ನ
ಚೆನ್ನಾಗಿದೆ. ಫಾನ್ ಪೊರಾಟ್‌ಗೆ ಬೇರೆ ಲೇಖನ ನಾನು ಶುರು ಮಾಡ್ತೀನಿ.

ಹಳೇ_ಪತ್ರಿಕೆ
ಆ ಕೊನೆಯ ವಾಕ್ಯದಲ್ಲಿ ತಪ್ಪಿದೆ. ರಾಜಧಾನಿಗೆ ಓಸ್ಲೋ ಅನ್ನೋ ಹೆಸರು ಬಂದಿದ್ದು 1925ರ ಜನವರಿ 1ಕ್ಕೆ. 1924ರಲ್ಲಿ ಅದು ಕ್ರಿಸ್ತಿಯಾನಿಯಾ. ಪತ್ರಿಕೆ ಹುಡುಕುವಾಗಲೂ ಆ ಹೆಸರೇ ಹಾಕಿ, ಇಲ್ಲಾಂದ್ರೆ ಏನೂ ಸಿಗಲ್ಲ.

ಘಂಟೆ_ಹೊಡೀತು
ತಿದ್ದಿದೆ. ಇವತ್ತು ರಾತ್ರಿ ಕ್ರಿಸ್ತಿಯಾನಿಯಾ, ಜುಲೈ 1924 ಅಂತ ಹಾಕಿ ಹುಡುಕ್ತೀನಿ.